ಟೈರುಗಳ ಅಸಮ ಸವೆತ

ಕಾರಿನ ಟೈರಿನಲ್ಲಿ ರಸ್ತೆಗೆ ತಾಗುವ ಮೇಲ್ಮೈ, ಅಂದರೆ ಟ್ರೆಡ್, ಎಲ್ಲೆಡೆ ಒಂದೇ ಪ್ರಮಾಣದಲ್ಲಿ ಸವೆಯದೆ ಕೆಲವೆಡೆ ಮಾತ್ರ ಬೇಗ ಸವೆಯುವುದನ್ನು ಅಸಮ ಸವೆತ ಎನ್ನಲಾಗುತ್ತದೆ. ಸವೆತ ಎಲ್ಲಿದೆ ಎಂಬುದರಿಂದಲೇ ಕಾರಣವನ್ನು ಬಹುಮಟ್ಟಿಗೆ ಊಹಿಸಬಹುದು. ನಡುಭಾಗ ಸವೆದಿದ್ದರೆ ಗಾಳಿಯ ಒತ್ತಡ ಹೆಚ್ಚಾಗಿತ್ತೆಂದೂ, ಎರಡೂ ಅಂಚುಗಳು ಸವೆದಿದ್ದರೆ ಕಡಿಮೆಯಾಗಿತ್ತೆಂದೂ ತಿಳಿಯಬಹುದು.

ಒಂದೇ ಅಂಚು ಸವೆದಿದ್ದರೆ ವೀಲ್ ಅಲೈನ್‌ಮೆಂಟ್ ತಪ್ಪಿರುವ ಸಾಧ್ಯತೆ ಹೆಚ್ಚು. ಮುಂದಿನಿಂದ ನೋಡಿದಾಗ ಕಾಣುವ ಚಕ್ರದ ವಾಲಿಕೆಗೆ ಕ್ಯಾಂಬರ್ ಎಂದೂ, ಮೇಲಿನಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೆ ಅಥವಾ ಹೊರಕ್ಕೆ ತಿರುಗಿರುವುದಕ್ಕೆ ಟೋ ಎಂದೂ ಹೆಸರು. ಟೋ ದೋಷವನ್ನು ಕಣ್ಣಿಗಿಂತ ಕೈಯೇ ಚೆನ್ನಾಗಿ ಗುರುತಿಸುತ್ತದೆ: ಟ್ರೆಡ್‌ನ ಮೇಲೆ ಅಡ್ಡಲಾಗಿ ಅಂಗೈ ಸವರಿದರೆ ಒಂದು ದಿಕ್ಕಿನಲ್ಲಿ ನುಣುಪಾಗಿಯೂ ಎದುರು ದಿಕ್ಕಿನಲ್ಲಿ ಗರಗಸದಂತೆ ಒರಟಾಗಿಯೂ ಇರುತ್ತದೆ. ತಂತಿ ಹೊರಬಂದ ಟೈರನ್ನು ಮಾತ್ರ ಹೀಗೆ ಸವರಬಾರದು.

ಒಳ ಅಂಚಿನ ಸವೆತ ಹೆಚ್ಚು ಅಪಾಯಕಾರಿ. ಹೊರಗಿನಿಂದ ಟೈರು ಹೊಸದರಂತೆ ಕಂಡರೂ ಒಳಬದಿಯಲ್ಲಿ ಉಕ್ಕಿನ ತಂತಿಗಳು ಹೊರಬಂದಿರಬಹುದು. ಭಾರತದಲ್ಲಿ ಕಾರಿನ ಟೈರಿಗೆ ಕನಿಷ್ಠ 1.6 ಮಿ.ಮೀ. ಟ್ರೆಡ್ ಆಳವಿರಬೇಕು, ಅದನ್ನು ಹೊರ ಅಂಚಿನಲ್ಲಷ್ಟೇ ಅಳೆದರೆ ಸಾಲದು. ಮುಂದಿನ ಚಕ್ರಗಳ ಒಳಬದಿಯನ್ನು ನೋಡಲು ಸ್ಟೀರಿಂಗನ್ನು ಪೂರ್ತಿ ತಿರುಗಿಸಬೇಕು.

ಅಲ್ಲಲ್ಲಿ ಗುಳಿ ಬಿದ್ದಂತಹ ಸವೆತಕ್ಕೆ ಸಾಮಾನ್ಯವಾಗಿ ಶಾಕ್ ಅಬ್ಸಾರ್ಬರ್ ಅಥವಾ ವೀಲ್ ಬ್ಯಾಲೆನ್ಸಿಂಗ್ ದೋಷ ಕಾರಣ. ಟೈ ರಾಡ್ ಎಂಡ್, ಬಾಲ್ ಜಾಯಿಂಟ್‌ಗಳು ಸಡಿಲವಾಗಿದ್ದರೆ ಅವನ್ನು ಬದಲಾಯಿಸಿದ ನಂತರವೇ ಅಲೈನ್‌ಮೆಂಟ್ ಮಾಡಿಸಬೇಕು. ಇಲ್ಲವಾದರೆ ಹೊಂದಿಸಿದ ಕೋನಗಳು ನಿಲ್ಲುವುದಿಲ್ಲ.