ಭೀಮೆಯ ಕೆಸರು, ಸೀಸೆಯ ಮದ್ದು

ಮಳೆಗಾಲದಲ್ಲಿ ಭೀಮಾ, ಕೃಷ್ಣಾ ನದಿಗಳ ಕೆನ್ನೀರನ್ನು ಕೊಡದಲ್ಲಿ ತುಂಬಿಟ್ಟವರಿಗೆ ಒಂದು ಸಂಗತಿ ಗೊತ್ತುಂಟು. ದಪ್ಪ ಮಣ್ಣು ಬೇಗನೆ ತಳ ಸೇರುತ್ತದೆ. ನವಿರಾದ ಜೇಡಿ ಮಾತ್ರ ದಿನಗಟ್ಟಲೆ ತೇಲುತ್ತಲೇ ಇರುತ್ತದೆ. ಪಟಿಕದ ತುಂಡೊಂದನ್ನು ನಾಲ್ಕು ಸುತ್ತು ತಿರುಗಿಸಿದರೆ ನೀರು ಮೆಲ್ಲನೆ ತಿಳಿಯಾಗುತ್ತದೆ. ಯಾದಗಿರಿ, ಶಹಾಪುರ, ಸುರಪುರಗಳ ಹಿರಿಯ ಗೃಹಿಣಿಯರಿಗೆ ಇದು ಹೊಸ ಉಪಾಯವಲ್ಲ. ಇದರ ಮರ್ಮವಿರುವುದು ವಿದ್ಯುತ್ತಿನಲ್ಲಿ. ಜೇಡಿಯ ಕಣಗಳೆಲ್ಲ ಋಣವಿದ್ಯುತ್ತನ್ನು ಹೊತ್ತಿರುವುದರಿಂದ ದಾಯಾದಿಗಳಂತೆ ಒಂದನ್ನೊಂದು ದೂರ ತಳ್ಳುತ್ತವೆ. ಪಟಿಕದ ಅಲ್ಯುಮಿನಿಯಂ ಆ ಋಣವನ್ನು ತೀರಿಸಿಬಿಡುತ್ತದೆ. ಕಣಗಳು ಕೂಡಿ ಮುದ್ದೆಯಾಗಿ ಕೆಳಗಿಳಿಯುತ್ತವೆ. ವಿದ್ಯುತ್ತಿನ ಸೆಳೆತಕ್ಕೆ ಜೇಡಿಕಣಗಳು ಚಲಿಸುವುದನ್ನು ಮಾಸ್ಕೋದಲ್ಲಿ ಕಂಡು 1809ರಲ್ಲಿ ಪ್ರಕಟಿಸಿದವನು ರಾಯ್ಸ್ ಎಂಬ ವಿಜ್ಞಾನಿ.

ಕುಡಿಯುವ ನೀರಿಗೆ ಬೇಡವಾದ ಈ ತೇಲುವ ಗುಣವೇ ಔಷಧಕ್ಕೆ ಬೇಕು. ಯಾದಗಿರಿಯ ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶಕ್ಕೆಂದು ರೈತರಿಂದ ಪಡೆದ ಮೂರು ಸಾವಿರ ಎಕರೆಗೂ ಮಿಕ್ಕ ಭೂಮಿಯಲ್ಲಿ ಇಂದು ಔಷಧದ ಮೂಲವಸ್ತುಗಳ ಕಾರ್ಖಾನೆಗಳೂ ಎದ್ದಿವೆ. (ಅವುಗಳ ವಾಸನೆಯ ಬಗ್ಗೆ ಹಳ್ಳಿಗರ ದೂರುಂಟು, ಅದು ಬೇರೊಂದು ಲೇಖನದ ವಿಷಯ.) ಔಷಧಗಳಲ್ಲಿ ಹಲವು ನೀರಿನಲ್ಲಿ ಕರಗಲೊಲ್ಲವು, ಕರಗದ ಮದ್ದು ಹೊಟ್ಟೆ ಸೇರಿದರೂ ರಕ್ತವನ್ನು ಸರಿಯಾಗಿ ಸೇರದು. ಆದುದರಿಂದ ಅದನ್ನು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ಸಣ್ಣಗೆ ಅರೆಯುವ ಪದ್ಧತಿ ಬಂದಿದೆ. ಬದಲಿ ಮೂತ್ರಪಿಂಡ ಪಡೆದವರಿಗಾಗಿ ಹೀಗೆ ಸಿದ್ಧಪಡಿಸಿದ ಸಿರೋಲಿಮಸ್ ಮಾತ್ರೆಗೆ 2000ದಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಆದರೆ ಅರೆದ ಕಣಗಳು ಮತ್ತೆ ಅಂಟಿಕೊಳ್ಳಲು ಹವಣಿಸುತ್ತವೆ. ದ್ರವೌಷಧದಲ್ಲಿ ಅವು ಅಂಟಿ ತಳ ಹಿಡಿದರೆ ಮೊದಲ ಚಮಚದಲ್ಲಿ ಮದ್ದು ಕಡಿಮೆ, ಕೊನೆಯದರಲ್ಲಿ ಹೆಚ್ಚು. ಕೂಸಿಗೆ ಕುಡಿಸುವ ತಾಯಿಗೆ ಇದು ತಿಳಿಯುವುದೆಂತು? ಇದನ್ನು ತಪ್ಪಿಸಲೆಂದೇ ಸಾಬೂನಿನ ಬಳಗದ ಸೋಡಿಯಂ ಡೊಡೆಸೈಲ್ ಸಲ್ಫೇಟಿನಂಥ ವಸ್ತುವನ್ನು ಬೆರೆಸಿ, ಕಣಗಳಿಗೆ ಋಣವಿದ್ಯುತ್ತಿನ ಹೊದಿಕೆ ತೊಡಿಸುತ್ತಾರೆ.

ಎಷ್ಟು ಬೆರೆಸಬೇಕು? ಬರಿಯ ನೀರಿಗೆ ಇದನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುತ್ತ ವಿದ್ಯುದ್ವಾಹಕತೆಯನ್ನು ಅಳೆದರೆ, ಏರುತ್ತಿದ್ದ ರೇಖೆ ಲೀಟರಿಗೆ ಸುಮಾರು 2.3 ಗ್ರಾಂ ಎಂಬಲ್ಲಿ ಬಾಗುತ್ತದೆ; ಅಲ್ಲಿಂದಾಚೆಗೆ ಅದರ ಅಣುಗಳು ತಮ್ಮತಮ್ಮೊಳಗೇ ಗುಂಪುಗೂಡತೊಡಗುತ್ತವೆ. ಮದ್ದಿನ ಕಣಗಳಿದ್ದರೆ ಒಂದಷ್ಟು ಪಾಲು ಅವುಗಳ ಮೈಗೆ ಹತ್ತುವುದರಿಂದ ಆ ಬಾಗು ತಡವಾಗಿ ಬರುತ್ತದೆ. ಆ ಅಂತರವೇ ಹೊದಿಕೆಯ ಲೆಕ್ಕ. ವಾಹಕತಾಮಾಪಕವು ಬಿ.ಎಸ್ಸಿ. ಪ್ರಯೋಗಶಾಲೆಯ ಸಾಮಾನ್ಯ ಉಪಕರಣ. ಭೂಮಿ ಕೊಟ್ಟವರ ಮಕ್ಕಳು ಕಾರ್ಖಾನೆಗೆ ಮೂಟೆ ಹೊರಲು ಮಾತ್ರವೇ ಹೋಗಬೇಕಾಗಿಲ್ಲ.

ಇನ್ನೊಂದು ಮಾಪನದಲ್ಲಿ ಕಣಗಳನ್ನು ವಿದ್ಯುತ್ತಿನಿಂದ ಓಡಿಸಿ, ಅವುಗಳ ವೇಗವನ್ನು ಲೇಸರ್ ಬೆಳಕಿನಿಂದ ಅಳೆದು, ಮೇಲ್ಮೈಯ ವಿಭವವನ್ನು ಗಣಿಸುತ್ತಾರೆ. ಅದು ಧನವಾಗಲಿ ಋಣವಾಗಲಿ 30 ಮಿಲಿವೋಲ್ಟಿಗೆ ಮೀರಿದ್ದರೆ ದ್ರಾವಣ ನಿಲ್ಲುತ್ತದೆಂಬುದು ರೂಢಿಯ ಎಣಿಕೆ. ಆದರೆ ಪಾಲಿಸಾರ್ಬೇಟಿನಂಥ ವಸ್ತುಗಳು ವಿದ್ಯುತ್ತಿನಿಂದಲ್ಲ, ತಮ್ಮ ಉದ್ದನೆಯ ಬಾಲಗಳನ್ನು ಅಡ್ಡ ಚಾಚಿ ಕಣಗಳನ್ನು ದೂರವಿಡುತ್ತವೆ. ಅಲ್ಲಿ ಈ ಅಂಕಿ ತಗ್ಗಿದ್ದರೂ ಮದ್ದು ಕೆಟ್ಟಿತೆಂದು ಅರ್ಥವಲ್ಲ.