‘ನೋಷನಲ್’ ಎಂಬ ವಿಶೇಷಣ

ಕಚೇರಿಯ ಆಜ್ಞೆಗಳಲ್ಲಿಯೂ ಕೋರ್ಟಿನ ತೀರ್ಪುಗಳಲ್ಲಿಯೂ ಮೇಲಿಂದ ಮೇಲೆ ಕಾಣಿಸಿಕೊಳ್ಳುವ ಇಂಗ್ಲಿಷ್ ವಿಶೇಷಣಗಳಲ್ಲಿ ‘ನೋಷನಲ್’ ಎಂಬುದೂ ಒಂದು. ನಮ್ಮ ಕರೋಶಿಯಂಥ ಊರಿನಲ್ಲಿ ಸಹ ನಿವೃತ್ತರಾದ ಮಾಸ್ತರರ ಕೈಗೆ ಬರುವ ಕಾಗದದಲ್ಲಿ ಈ ಶಬ್ದ ಇರುವುದುಂಟು. ಕನ್ನಡದಲ್ಲಿ ಅದನ್ನು ‘ಕಾಲ್ಪನಿಕ’ ಎಂದು ಬರೆಯುವುದು ರೂಢಿ. ‘ಕಾಲ್ಪನಿಕ ವೇತನ ಬಡ್ತಿ’ ಎಂದು ಓದಿದವರು, ಅಂದಮೇಲೆ ಕೈಗೆ ಬರುವುದೇನೂ ಇಲ್ಲವೆಂದು ಕಾಗದವನ್ನು ಮಡಚಿ ಟ್ರಂಕಿನಲ್ಲಿಟ್ಟರೆ ಆಶ್ಚರ್ಯವಿಲ್ಲ. ಆದರೆ ಹಾಗೆ ಇಡತಕ್ಕ ಕಾಗದ ಅದಲ್ಲ.

‘ನೋಷನ್’ ಎಂಬುದು ಲ್ಯಾಟಿನ್ ಭಾಷೆಯ, ‘ಅರಿ’ ಎಂಬರ್ಥದ ಧಾತುವಿನಿಂದ ಬಂದುದು. ಒಂದು ಸಂಗತಿ ವಾಸ್ತವವಾಗಿ ಇಲ್ಲದಿದ್ದರೂ, ಯಾವುದೋ ಒಂದು ಕಾರ್ಯಕ್ಕಾಗಿ ಅದು ಇದೆಯೆಂದು ಎಣಿಸಿಕೊಂಡರೆ ಅದು ನೋಷನಲ್. ನೆರೆಯ ಶಬ್ದಗಳೊಡನೆ ಇದನ್ನು ಬೆರೆಸಬಾರದು. ‘ಹೈಪೊಥೆಟಿಕಲ್’ ಎಂಬುದು ‘ಒಂದು ವೇಳೆ ಮಳೆ ಬಂದರೆ’ ಎಂಬಂಥ ಬರಿಯ ಊಹೆ. ‘ಫಿಕ್ಟಿಶಸ್’ ಎಂಬುದು ಕೂಲಿಪಟ್ಟಿಯಲ್ಲಿ ತುರುಕಿದ, ಹುಟ್ಟದೇ ಇದ್ದ ಆಳಿನ ಹೆಸರಿನಂತೆ. ನೋಷನಲ್‌ನಲ್ಲಿ ಮೋಸವಿಲ್ಲ. ಇಲ್ಲವೆಂಬುದು ಎಲ್ಲರಿಗೂ ಗೊತ್ತು; ಗೊತ್ತಿದ್ದೇ ಇದೆಯೆಂದು ಒಪ್ಪಿ ಲೆಕ್ಕ ಹಾಕುತ್ತಾರೆ.

ತಮ್ಮ ರೇಡಿಯೋದಲ್ಲಿ ಹೇಳುವ ಗಂಟೆಯನ್ನೇ ನೋಡಿರಿ. ಭಾರತದ ವೇಳೆಯನ್ನು ಎಣಿಸುವುದು 82½ ಡಿಗ್ರಿ ಪೂರ್ವ ರೇಖಾಂಶದಿಂದ. ಕರೋಶಿ ಅದಕ್ಕಿಂತ ಸುಮಾರು 8 ಡಿಗ್ರಿ ಪಶ್ಚಿಮಕ್ಕಿದೆ. ಡಿಗ್ರಿಗೆ 4 ನಿಮಿಷದಂತೆ, ನಮ್ಮ ನೆತ್ತಿಯ ಮೇಲೆ ಸೂರ್ಯ ಬರುವುದು ವರ್ಷದ ಸರಾಸರಿಯಲ್ಲಿ ಹನ್ನೆರಡು ಹೊಡೆದು ಅರ್ಧ ಗಂಟೆಯಾದ ಮೇಲೆ. ಆದರೂ ಶಾಲೆಯ ಗಂಟೆ, ಬಸ್ಸು ಎಲ್ಲವೂ ಆ ಎಣಿಸಿಕೊಂಡ ವೇಳೆಯಂತೆಯೇ ನಡೆಯುತ್ತವೆ. ಅದನ್ನು ಸುಳ್ಳು ವೇಳೆ ಎಂದು ಯಾರೂ ಅನ್ನುವುದಿಲ್ಲ.

ಇನ್ನು ಹಣದ ಮಾತು. ನೌಕರನು ಒಂದು ಪೂರ್ಣ ವರ್ಷ ದುಡಿದು ಜೂನ್ 30ರಂದು ನಿವೃತ್ತನಾಗುತ್ತಾನೆ. ಆ ವರ್ಷದ ವೇತನ ಬಡ್ತಿ ಬರತಕ್ಕದ್ದು ಜುಲೈ 1ರಂದು. ಆ ದಿನ ಅವನು ನೌಕರನೇ ಅಲ್ಲ! ಒಂದು ದಿನದ ಅಂತರದಿಂದ ಬಡ್ತಿ ತಪ್ಪಿತು. ಕರ್ನಾಟಕ ವಿದ್ಯುತ್ ಪ್ರಸರಣ ನಿಗಮದ ನೌಕರರಿಗೆ ಸಂಬಂಧಿಸಿದ ಇಂಥದೇ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 2023ರ ಏಪ್ರಿಲ್ 11ರಂದು ನೌಕರರ ಪರವಾಗಿ ತೀರ್ಪಿತ್ತಿತು. ಬಡ್ತಿಯು ಸಂದ ವರ್ಷದ ಸೇವೆಗೆ ದೊರೆಯುವ ಫಲ, ಮರುದಿನ ಆಳು ಇಲ್ಲವೆಂದು ಅದನ್ನು ಕಸಿಯಲಾಗದು ಎಂಬುದು ಅದರ ತಾತ್ಪರ್ಯ. ಮುಂದೆ 2025ರ ಮೇ 20ರಂದು ಕೇಂದ್ರ ಸರಕಾರವು ತನ್ನ ನೌಕರರಿಗೆ ಆಜ್ಞೆ ಹೊರಡಿಸಿ, ಜೂನ್ 30 ಇಲ್ಲವೆ ಡಿಸೆಂಬರ್ 31ರಂದು ನಿವೃತ್ತರಾದವರಿಗೆ ಮರುದಿನದ ಬಡ್ತಿಯನ್ನು ‘ನೋಷನಲ್’ ಆಗಿ ಕೊಟ್ಟಿತು. ಮೂಲವೇತನ 50,000 ರೂಪಾಯಿ ಎನ್ನಿ. ಶೇಕಡಾ 3ರ ಬಡ್ತಿ 1,500. ಈ 1,500ನ್ನು ಸಂಬಳವಾಗಿ ಯಾರೂ ಎಂದೂ ಪಡೆಯಲಾರರು. ಆದರೆ ಪಿಂಚಣಿ ವೇತನದ ಅರ್ಧವಾದ್ದರಿಂದ ತಿಂಗಳಿಗೆ 750 ರೂಪಾಯಿ, ಅದರ ಮೇಲಿನ ತುಟ್ಟಿಭತ್ಯೆಯೊಡನೆ, ಬದುಕಿರುವವರೆಗೆ ಬರುತ್ತದೆ. ಆದರೆ ಈ ಎಣಿಕೆ ಪಿಂಚಣಿಗೆ ಮಾತ್ರ. ಗ್ರಾಚ್ಯುಯಿಟಿ ಮೊದಲಾದವುಗಳಿಗೆ ಇಲ್ಲ. ಆಜ್ಞೆಯನ್ನು ಓದುವಾಗ ಬೆರಳಿಟ್ಟು ನೋಡಬೇಕಾದ ಜಾಗ ಇದೇ: ಎಣಿಕೆ ಯಾವ ದಿನಾಂಕದಿಂದ, ಯಾವ ಕಾರ್ಯಕ್ಕೆ, ಹಣ ಯಾವ ದಿನದಿಂದ. ರಾಜ್ಯದ ನೌಕರರು ತಮ್ಮ ತಮ್ಮ ಇಲಾಖೆಯ ಆಜ್ಞೆಯನ್ನು ನೋಡತಕ್ಕದ್ದು.

ಮನೆವಾರ್ತೆ ನೋಡುವ ತಾಯಂದಿರಿಗೂ ಈ ಶಬ್ದ ತಟ್ಟುತ್ತದೆ. 1989ರಲ್ಲಿ ಜಮಶೇಡಪುರದಲ್ಲಿ ನಡೆದ ಬೆಂಕಿ ಅನಾಹುತದಲ್ಲಿ ಅನೇಕ ಗೃಹಿಣಿಯರು ತೀರಿಕೊಂಡರು. ಸಂಬಳವಿಲ್ಲದವರ ಸಾವಿಗೆ ಪರಿಹಾರ ಎಷ್ಟು? 2001ರಲ್ಲಿ ಸುಪ್ರೀಂ ಕೋರ್ಟು ಅವರ ಸೇವೆಯ ಬೆಲೆಯನ್ನು ತಿಂಗಳಿಗೆ 3,000 ರೂಪಾಯಿ ಎಂದು ಎಣಿಸಿತು. ಇದಕ್ಕೆ ‘ನೋಷನಲ್ ಆದಾಯ’ ಎಂದು ಹೆಸರು. ಇದನ್ನು ‘ಕಾಲ್ಪನಿಕ ಆದಾಯ’ ಎಂದು ಬರೆದಾಗ ಮಾತ್ರ ನನ್ನ ಮನಸ್ಸು ಒಪ್ಪುವುದಿಲ್ಲ. ಬೆಳಗಿನ ಐದಕ್ಕೆದ್ದು ರೊಟ್ಟಿ ಬಡಿಯುವ ಕೆಲಸದಲ್ಲಿ ಕಲ್ಪನೆ ಯಾವುದು? ಕಲ್ಪಿತವಾದುದು ಸಂಬಳ, ದುಡಿಮೆಯಲ್ಲ.

ಸಮಯದಂತೆ ಸ್ಥಳವನ್ನೂ ಹೀಗೆ ಎಣಿಸುವುದುಂಟು. ನಮ್ಮ ಚಿಕ್ಕೋಡಿಯ ಸುತ್ತ ಸಕ್ಕರೆ ಕಾರ್ಖಾನೆಯ ಪಾಳಿಗೆ ಹೋಗುವವರು ಬಹಳ. ಅವರು ಇದನ್ನು ತಿಳಿದಿರುವುದು ಲೇಸು. 2003ರಲ್ಲಿ ಮಹಾರಾಷ್ಟ್ರದ ಒಂದು ಸಕ್ಕರೆ ಕಾರ್ಖಾನೆಯ ಕಾವಲುಗಾರನು ನಸುಕಿನ 3 ಗಂಟೆಯ ಪಾಳಿಗೆ ಹೊರಟು, ಕಾರ್ಖಾನೆ ಇನ್ನೂ ಸುಮಾರು 5 ಕಿಲೋಮೀಟರ್ ಇರುವಾಗ ಅಪಘಾತದಲ್ಲಿ ಮಡಿದನು. ಕೆಲಸಕ್ಕೂ ಆ ವೇಳೆ, ಆ ದಾರಿಗೂ ನಂಟಿದ್ದಾಗ ದಾರಿಯೂ ಕೆಲಸದ ಜಾಗದ ‘ನೋಷನಲ್’ ವಿಸ್ತರಣವೇ ಆಗುತ್ತದೆ ಎಂದು 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಹೇಳಿ, ಅವನ ಕುಟುಂಬದ ಪರಿಹಾರವನ್ನು ಎತ್ತಿಹಿಡಿಯಿತು.

ಹಾಗಾದರೆ ಕನ್ನಡದಲ್ಲಿ ಏನೆನ್ನಬೇಕು? ‘ಕಲ್ಪಿಸು’ ಎಂಬ ಕ್ರಿಯಾಪದಕ್ಕೆ ನಮ್ಮಲ್ಲಿ ಎರಡು ಮುಖ. ‘ಕತೆ ಕಲ್ಪಿಸಿದ’ ಎಂಬಲ್ಲಿ ಇಲ್ಲದ್ದನ್ನು ಹೆಣೆಯುವುದು; ‘ಸೌಕರ್ಯ ಕಲ್ಪಿಸಿದ’ ಎಂಬಲ್ಲಿ ಇಲ್ಲದ್ದನ್ನು ಒದಗಿಸುವುದು. ಆಜ್ಞೆಯ ‘ಕಾಲ್ಪನಿಕ’ಕ್ಕೆ ಎರಡನೆಯ ಅರ್ಥವೇ ಸಲ್ಲತಕ್ಕದ್ದು, ಓದುವವನಿಗೆ ಹೊಳೆಯುವುದು ಮೊದಲನೆಯದು. ಗಡಿಯಾಚೆಯ ಸರಕಾರಿ ಮರಾಠಿಯಲ್ಲಿ, ಇದರ ಸೋದರಶಬ್ದವಾದ ‘ಡೀಮ್ಡ್’ ಎಂಬುದಕ್ಕೆ ‘ಮಾನೀವ’ ಎನ್ನುತ್ತಾರೆ, ಅಂದರೆ ಹಾಗೆಂದು ಮನ್ನಿಸಿದ್ದು, ಕಿವಿಗೂ ಹಿತ. ಕನ್ನಡದಲ್ಲಿ ಅದಕ್ಕೆ ‘ಪರಿಭಾವಿತ’ ಎಂಬುದುಂಟು, ತುಸು ಬಿಗಿಯಾಯಿತು. ನನ್ನನ್ನು ಕೇಳಿದರೆ ‘ಲೆಕ್ಕದ ಮಟ್ಟಿನ ಬಡ್ತಿ’ ಎಂದೇ ಬರೆಯಲಿ. ಹಾಗೆ ಬರೆದರೆ, ಯಾವ ಲೆಕ್ಕಕ್ಕೆ ಎಂಬುದನ್ನೂ ಗುಮಾಸ್ತರು ಕೆಳಗೆ ಬರೆಯಲೇಬೇಕಾಗುತ್ತದೆ.