ಉಪ್ಪುನೀರಿನ ಆಸರೆ ಎಷ್ಟು? ಸಮುದ್ರ ಹಾಗೂ ಅಳಿವೆಗಳಲ್ಲಿ ಈಜುವವರ ಗಮನಕ್ಕೆ

ಉತ್ತರ ಕನ್ನಡ ಜಿಲ್ಲೆಯ ಕಡಲತೀರಗಳಿಗೆ ಬರುವವರಲ್ಲಿ ಬಾವಿ, ಕೆರೆಗಳಲ್ಲಿ ಈಜು ಕಲಿತವರು ಅನೇಕರಿರುತ್ತಾರೆ. ಸಮುದ್ರದ ನೀರು ಉಪ್ಪಾಗಿರುವುದರಿಂದ ಅದು ದೇಹವನ್ನು ತಾನಾಗಿಯೇ ತೇಲಿಸುತ್ತದೆ ಎಂಬ ಮಾತು ಅವರಲ್ಲಿ ಧೈರ್ಯ ತುಂಬುವುದುಂಟು. ಮಾತು ಪೂರ್ತಿ ಸುಳ್ಳಲ್ಲ. ಆದರೆ ಆ ಆಸರೆ ಎಷ್ಟೆಂಬುದನ್ನು ಅರಿತಿರುವುದು ಅಗತ್ಯ.

ನೀರಿನಲ್ಲಿ ಮುಳುಗಿದ ವಸ್ತುವು ತಾನು ಪಲ್ಲಟಗೊಳಿಸಿದ ನೀರಿನ ತೂಕದಷ್ಟೇ ಬಲದಿಂದ ಮೇಲಕ್ಕೆ ಒತ್ತಲ್ಪಡುತ್ತದೆ. ಇದು ಶಾಲೆಯಲ್ಲಿ ಕಲಿಯುವ ಆರ್ಕಿಮಿಡೀಸ್ ತತ್ತ್ವ. ಒಂದು ಲೀಟರ್ ಸಿಹಿನೀರು ಸುಮಾರು 1 ಕಿ.ಗ್ರಾಂ ತೂಗಿದರೆ, ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಕರಗಿರುವ ಸಮುದ್ರದ ನೀರು 1.025 ಕಿ.ಗ್ರಾಂ ತೂಗುತ್ತದೆ. ಅಂದರೆ 60 ಲೀಟರ್ ಗಾತ್ರದ ದೇಹಕ್ಕೆ ಸಮುದ್ರದಲ್ಲಿ ದೊರೆಯುವ ಹೆಚ್ಚುವರಿ ಆಸರೆ ಕೇವಲ ಒಂದೂವರೆ ಕಿ.ಗ್ರಾಂ. ವಯಸ್ಕರ ತಲೆಯ ತೂಕವೇ 4ರಿಂದ 5 ಕಿ.ಗ್ರಾಂ ಇರುವುದರಿಂದ, ತಲೆಯನ್ನು ಪೂರ್ತಿಯಾಗಿ ನೀರಿನ ಮೇಲೆ ಎತ್ತಿ ಹಿಡಿಯಲೂ ಇದು ಸಾಲದು. ಮೃತ ಸಮುದ್ರದಲ್ಲಿ ಜನರು ಅಂಗಾತ ಮಲಗಿ ಪತ್ರಿಕೆ ಓದುವ ಚಿತ್ರಗಳು ಪ್ರಸಿದ್ಧವಾಗಿವೆ. ಅಲ್ಲಿಯ ಒಂದು ಲೀಟರ್ ನೀರು ಸುಮಾರು 1.24 ಕಿ.ಗ್ರಾಂ ತೂಗುತ್ತದೆ, ಅರಬ್ಬೀ ಸಮುದ್ರವನ್ನು ಅದರೊಂದಿಗೆ ಹೋಲಿಸಲಾಗದು. ಅಲ್ಲಿಯೂ ಮುಖ ಕೆಳಗಾದವರಿಗೆ ಹೊರಳಿಕೊಳ್ಳುವುದು ಕಷ್ಟ.

ವಾಸ್ತವವಾಗಿ ದೇಹವನ್ನು ತೇಲಿಸುವಲ್ಲಿ ಉಪ್ಪಿಗಿಂತ ಶ್ವಾಸಕೋಶದ ಗಾಳಿಯ ಪಾತ್ರ ದೊಡ್ಡದು. ಪೂರ್ಣವಾಗಿ ಉಸಿರೆಳೆದಾಗ ಎರಡು-ಮೂರು ಲೀಟರ್ ಗಾಳಿ ಹೆಚ್ಚುವರಿಯಾಗಿ ಒಳಸೇರುತ್ತದೆ. ಗಾಬರಿಯಿಂದ ಕೂಗಿದವರು ಆ ಗಾಳಿಯನ್ನು ಕಳೆದುಕೊಳ್ಳುತ್ತಾರೆ. ಎರಡೂ ಕೈಗಳನ್ನು ಮೇಲೆತ್ತಿದರಂತೂ ನೀರು ಹೊರುತ್ತಿದ್ದ ಕೈಗಳ ಭಾರವೆಲ್ಲ ದೇಹದ ಮೇಲೆಯೇ ಬಿದ್ದು, ಮುಖ ನೀರೊಳಗೆ ಇಳಿಯುತ್ತದೆ. ಅಂಗಾತ ಮಲಗಿ, ಕಿವಿಗಳು ನೀರಿನಲ್ಲಿರುವಂತೆ ತಲೆಯನ್ನು ಹಿಂದಕ್ಕೆ ಚೆಲ್ಲಿ ಉಸಿರಾಡುವುದೇ ಸುರಕ್ಷಿತ.

ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳ ಅಳಿವೆಗಳಲ್ಲಿ ವಿಶೇಷ ಎಚ್ಚರಿಕೆ ಬೇಕು. ಮಳೆಗಾಲದಲ್ಲಿ ನದಿಯ ಹಗುರವಾದ ಸಿಹಿನೀರು ಭಾರವಾದ ಉಪ್ಪುನೀರಿನ ಮೇಲೆ ಹರಡಿಕೊಳ್ಳುತ್ತದೆ. ಈಜುವವರು ಇರುವುದು ಮೇಲಿನ ಆ ಪದರದಲ್ಲಿಯೇ. ಸಮುದ್ರದ ಅಲ್ಪ ಆಸರೆಯೂ ಅಲ್ಲಿ ಬಹುಮಟ್ಟಿಗೆ ಇಲ್ಲವಾಗುತ್ತದೆ. ಇಳಿತದ ವೇಳೆ ನದಿಯ ಹರಿವೂ ಸೇರಿ ಹೊರಗಡಲಿಗೆ ಎಳೆಯುತ್ತದೆ. ಸಿಹಿನೀರಿನಲ್ಲಿ ಹಡಗುಗಳು ಸಹ ಹೆಚ್ಚು ಆಳಕ್ಕೆ ಕೂರುತ್ತವೆ. ಅದಕ್ಕಾಗಿಯೇ ಅವುಗಳ ಪಾರ್ಶ್ವದಲ್ಲಿ ಸಿಹಿನೀರಿಗೆ ಪ್ರತ್ಯೇಕ ಭಾರಮಿತಿ ಗೆರೆಯನ್ನು ಬಳಿದಿರುತ್ತಾರೆ.

ಕಡಲತೀರದ ಸೆಳೆತಕ್ಕೂ ಉಪ್ಪಿಗೂ ಸಂಬಂಧವಿಲ್ಲ. ಎರಡು ಬದಿಗಳಲ್ಲಿ ಅಲೆಗಳು ಒಡೆಯುತ್ತಿದ್ದು, ನಡುವೆ ಶಾಂತವಾಗಿ ಕಾಣುವ ಪಟ್ಟಿಯಲ್ಲಿಯೇ ನೀರು ಹಿಂದಕ್ಕೆ ಹರಿಯುತ್ತಿರಬಹುದು. ಅದರಲ್ಲಿ ಸಿಲುಕಿದವರು ದಡದೆಡೆಗೆ ನೇರವಾಗಿ ಈಜಿ ದಣಿಯಬಾರದು. ದಡಕ್ಕೆ ಸಮಾನಾಂತರವಾಗಿ ಸಾಗಿ ಸೆಳೆತದಿಂದ ಹೊರಬಂದ ಬಳಿಕ ದಡದತ್ತ ತಿರುಗಬೇಕು. ಸಾಧ್ಯವಾಗದಿದ್ದಲ್ಲಿ ತೇಲುತ್ತಾ ಒಂದು ಕೈ ಬೀಸಿ ನೆರವು ಕೋರಬೇಕು.

ದಡದಲ್ಲಿರುವವರು ಈಜು ಬಲ್ಲವರಾದರೂ ಬರಿಗೈಯಲ್ಲಿ ನೀರಿಗೆ ಧುಮುಕದೆ, ತಕ್ಷಣ 112ಕ್ಕೆ ಕರೆ ಮಾಡಬೇಕು. ಮುಚ್ಚಳ ಬಿಗಿದ 5 ಲೀಟರಿನ ಖಾಲಿ ಪ್ಲಾಸ್ಟಿಕ್ ಕ್ಯಾನ್ ಸುಮಾರು 5 ಕಿ.ಗ್ರಾಂ ಭಾರವನ್ನು ಎತ್ತಿಹಿಡಿಯಬಲ್ಲದು. ಉಪ್ಪು ನೀಡುವ ಆಸರೆಯ ಮೂರು ಪಟ್ಟಿಗೂ ಅಧಿಕ. ಒಳಗೆ ಸ್ವಲ್ಪ ನೀರು ತುಂಬಿ ಹಗ್ಗ ಕಟ್ಟಿದರೆ ದೂರಕ್ಕೆ ಎಸೆಯಲು ಅನುಕೂಲ. ತೀರದ ಅಂಗಡಿ, ದೋಣಿ ನಿಲ್ಲುವ ತಾಣ ಹಾಗೂ ತಾರಿ ಕಟ್ಟೆಗಳಲ್ಲಿ ಇಂತಹ ಕ್ಯಾನ್‌ಗಳನ್ನು ಕೈಗೆಟುಕುವಂತೆ ತೂಗುಹಾಕಬಹುದು.